ಕೈತೋಟಕ್ಕೆ ಬೇವಿನ ಬೀಜದ ಕಾವಲು

ದಾಸವಾಳದ ಕುಡಿ ಮುದುಡಿದೆ. ಎಲೆಯ ಬುಡದಲ್ಲಿ ಹತ್ತಿ ಅಂಟಿಸಿದಂಥ ಬಿಳುಪು, ಕಾಂಡದುದ್ದಕ್ಕೂ ಇರುವೆ ಸಾಲು, ಕೆಳಗಿನ ಎಲೆಗಳ ಮೇಲೆ ಕಪ್ಪು ಮಸಿ. ಇದು ಹಿಟ್ಟು ತಿಗಣೆಯ ಕಾಟ. ತಿಗಣೆ ಗಿಡದ ರಸ ಹೀರಿ ಅಂಟಂಟಾದ ಸಿಹಿಯನ್ನು ವಿಸರ್ಜಿಸುತ್ತದೆ. ಇರುವೆ ಬರುವುದು ಆ ಸಿಹಿಗೆ, ಮಸಿಯಂಥ ಬೂಷ್ಟು ಬೆಳೆಯುವುದೂ ಅದರ ಮೇಲೆಯೇ. ಇಂಥ ಗಿಡ ಕಂಡಾಗ ವಿಷದ ಬಾಟಲಿ ತರಲು ಅಂಗಡಿಗೆ ಓಡಬೇಕಿಲ್ಲ. ಮನೆಯೊಳಗೆ ಮಕ್ಕಳಿರುತ್ತಾರೆ, ದೇವರಿಗೆ ಮುಡಿಸುವ ಹೂ ಅದೇ ಗಿಡದ್ದು. ಬೇವು ಈ ಕೆಲಸಕ್ಕೆ ಸಾಕು, ಆದರೆ ಅದನ್ನು ಬಳಸುವ ಕ್ರಮ ಗೊತ್ತಿರಬೇಕು.

‘ಬೇವು ಹೊಡೆದೆ, ಹುಳು ಸಾಯಲೇ ಇಲ್ಲ’ ಎಂದು ಹೇಳುವವರು ಬಹಳ. ಬೇವು ಹೊಡೆದ ಕೂಡಲೇ ಹುಳು ಉದುರಿ ಬೀಳುವುದಿಲ್ಲ. ಬೀಜದ ತಿರುಳಿನಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶ ಮೊದಲು ಹುಳುವಿಗೆ ಎಲೆ ಬೇಡವಾಗುವಂತೆ ಮಾಡುತ್ತದೆ. ಮರಿಹುಳುವಿನ ದೇಹ ಸೇರಿದರೆ ಅದು ಪೊರೆ ಕಳಚಿ ಬೆಳೆಯುವುದನ್ನೇ ತಡೆಯುತ್ತದೆ. ಫಲ ಕಾಣಲು ಹಲವು ದಿನ ಬೇಕು. 1959ರಲ್ಲಿ ಸುಡಾನ್‌ಗೆ ಮಿಡತೆ ದಂಡು ಬಂದು ಸುತ್ತಲಿನ ಹಸಿರನ್ನೆಲ್ಲ ಮುಕ್ಕಿದಾಗ ಬೇವಿನ ಮರಗಳು ಮಾತ್ರ ಉಳಿದಿದ್ದನ್ನು ಜರ್ಮನಿಯ ಕೀಟವಿಜ್ಞಾನಿ ಹೈನ್ರಿಷ್ ಶ್ಮುಟರರ್ ಕಂಡರು. ಬೇವಿನ ಕುರಿತ ಆಧುನಿಕ ಸಂಶೋಧನೆ ಚುರುಕಾಗಿದ್ದು ಅಲ್ಲಿಂದ. ಅಜಾಡಿರಾಕ್ಟಿನ್ ಅನ್ನು 1968ರಲ್ಲಿ ಬೇರ್ಪಡಿಸಲಾಯಿತು.

ಬೀಜ ಸಂಗ್ರಹ

ಅನೇಕರು ಸೊಪ್ಪು ಕುದಿಸಿ ಹೊಡೆಯುತ್ತಾರೆ. ಅದು ಅರ್ಧ ಕೆಲಸವೂ ಅಲ್ಲ. ಸೊಪ್ಪಿನಲ್ಲಿ ಸತ್ವ ಕಡಿಮೆ, ಕುದಿಸಿದರೆ ಇದ್ದದ್ದೂ ಕೆಡುತ್ತದೆ. ಸತ್ವವಿರುವುದು ಬೀಜದ ತಿರುಳಿನಲ್ಲಿ.

ಯುಗಾದಿಗೆ ಬೆಲ್ಲದ ಜೊತೆ ತಿಂದ ಹೂವು ಜೂನ್, ಜುಲೈ ಹೊತ್ತಿಗೆ ಹಳದಿ ಹಣ್ಣಾಗಿ ಮರದಡಿ ಉದುರುತ್ತದೆ. ಬೆಳಿಗ್ಗೆಯೇ ಹೋಗಿ ಹೊಸದಾಗಿ ಬಿದ್ದವನ್ನು ಆರಿಸಿ. ಮಳೆಯಲ್ಲಿ ನೆನೆದು ಕಪ್ಪಾದದ್ದು ಬೇಡ. ಬಕೆಟ್ ನೀರಿಗೆ ಹಾಕಿ ಕೈಯಲ್ಲಿ ಕಿವುಚಿದರೆ ಲೋಳೆ ತಿರುಳು ಬಿಟ್ಟು ಬಿಳಿ ಬೀಜ ಜಾರಿ ಬರುತ್ತದೆ. ಚೆನ್ನಾಗಿ ತೊಳೆದು ನೆರಳಲ್ಲೇ ಒಣಗಿಸಬೇಕು. ಒಣಗಿದ ಬೀಜವನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗೆ ತಿರುಳು ಆಡಬೇಕು, ಒಡೆದರೆ ಹಸಿರು ಮಿಶ್ರಿತ ಕಂದು ಬಣ್ಣ ಕಾಣಬೇಕು. ಬೂಷ್ಟು ಹಿಡಿದಿದ್ದರೆ ಎಸೆಯಿರಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೀಜ ಬೆವರುತ್ತದೆ. ಬಟ್ಟೆ ಅಥವಾ ಗೋಣಿಚೀಲವೇ ಸರಿ. ಮೂರು ತಿಂಗಳು ಕಳೆದ ಮೇಲೆ ಬಳಸಿ, ಎಂಟು ತಿಂಗಳೊಳಗೆ ಮುಗಿಸಿ.

ಶೇ. 5ರ ಕಷಾಯ

ಒಂದು ಲೀಟರ್ ಕಷಾಯಕ್ಕೆ 50 ಗ್ರಾಂ ತಿರುಳು ಬೇಕು. ಸಿಪ್ಪೆ ಬಿಡಿಸಿ ಒರಳಲ್ಲಿ ಮೆಲ್ಲಗೆ ಕುಟ್ಟಿ. ಜೋರಾಗಿ ಜಜ್ಜಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಪುಡಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ರಾತ್ರಿಯಿಡೀ ನೀರಲ್ಲಿ ಇಳಿಬಿಡಿ. ಮರುದಿನ ಗಂಟನ್ನು ಮತ್ತೆ ಮತ್ತೆ ಅದ್ದಿ ಹಿಂಡಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಹಿಂಡಿ ಹಿಂಡಿ ತಿಳಿ ನೀರು ಬರುವವರೆಗೂ ಬಿಡಬೇಡಿ. ಸೋಸಿ, ಲೀಟರಿಗೆ ಒಂದು ಚಮಚ ಖಾದಿ ಸೋಪಿನ ತುರಿ ಕರಗಿಸಿ. ಅಂಟುವಾಳದ ನೀರೂ ಆದೀತು. ಸೋಪು ಇಲ್ಲದಿದ್ದರೆ ಕಷಾಯ ಎಲೆಯ ಮೇಲೆ ಹನಿಯಾಗಿ ಉರುಳಿ ಹೋಗುತ್ತದೆ. ಮಾಡಿದ ದಿನವೇ ಸಿಂಪಡಿಸಿ, ನಾಳೆಗೆಂದು ಎತ್ತಿಡುವಂಥದ್ದಲ್ಲ.

ಬೀಜ ಸಿಗದ ಪೇಟೆಯವರಿಗೆ ಬೇವಿನ ಎಣ್ಣೆ ಇದೆ. ಲೀಟರ್ ನೀರಿಗೆ 5 ಮಿ.ಲೀ. ಸಾಕು. ಎಣ್ಣೆಯನ್ನು ಮೊದಲು ಸೋಪಿನ ದ್ರಾವಣದಲ್ಲಿ ಕದಡಿ, ಬೆಳ್ಳಗಾದ ಮೇಲೆ ನೀರು ಸೇರಿಸಬೇಕು. ಬೋರ್‌ವೆಲ್‌ನ ಗಡಸು ನೀರಲ್ಲಿ ಸೋಪು ಒಡೆದು ಎಣ್ಣೆ ತೇಲುತ್ತದೆ. ತೇಲಿದ ಎಣ್ಣೆ ಎಲೆಯನ್ನು ಸುಡುತ್ತದೆ. ಹಿಡಿದಿಟ್ಟ ಮಳೆನೀರು ಇದಕ್ಕೆ ಅತ್ಯುತ್ತಮ. ಅಂಗಡಿಯಲ್ಲಿ ಕೀಟನಾಶಕವಾಗಿಯೇ ಮಾರುವ ಬೇವಿನ ದ್ರಾವಣ ತಂದರೆ ಅದರ ಮೇಲೆ ಅಜಾಡಿರಾಕ್ಟಿನ್ ಪ್ರಮಾಣ 1500 ಅಥವಾ 10,000 ಪಿಪಿಎಂ ಎಂದು ಬರೆದಿರುತ್ತದೆ. ಎರಡರ ಅಳತೆ ಬೇರೆ, ಲೇಬಲ್ ಓದಿಯೇ ಹಾಕಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪೂ ಇದೆ.

ಸಿಂಪರಣೆ

ಹೊತ್ತು ಇಳಿದ ಮೇಲೆ ಹೊಡೆಯಿರಿ. ಬಿಸಿಲಿಗೆ ಬೇವಿನ ಸತ್ವ ಬೇಗ ಕಳೆಯುತ್ತದೆ. ಸಂಜೆ ಜೇನುಹುಳುಗಳೂ ಗೂಡು ಸೇರಿರುತ್ತವೆ. ಮಳೆ ಬರುವ ಲಕ್ಷಣವಿದ್ದರೆ ಬೇಡ. ಗಿಡಹೇನು, ಬಿಳಿನೊಣ, ಜಿಗಿಹುಳು ಎಲ್ಲವೂ ಎಲೆಯ ಅಡಿಯಲ್ಲೇ ಕೂರುವವು, ಹಾಗಾಗಿ ಪಂಪಿನ ಮೂತಿ ಮೇಲ್ಮುಖವಾಗಿರಲಿ. ಟೊಮೆಟೊ ಎಲೆಯಲ್ಲಿ ರಂಗೋಲಿ ಬಿಡುವ ಹುಳುವಿಗೆ ಗೆರೆ ಶುರುವಾದಾಗಲೇ ಹೊಡೆಯಬೇಕು. ಬದನೆಯ ಕಾಯಿಯೊಳಗೆ ಕೊರೆದು ಕೂತ ಹುಳುವಿಗೆ ಯಾವ ಕಷಾಯವೂ ತಲುಪದು. ಬಾಡಿದ ಕುಡಿ, ತೂತಾದ ಕಾಯಿ ಕಿತ್ತು ನಾಶ ಮಾಡಿ, ಆಮೇಲೆ ಸಿಂಪಡಿಸಿ. ಹಿಟ್ಟು ತಿಗಣೆಯ ಮೈಮೇಲೆ ಮೇಣವಿರುವುದರಿಂದ ಮೊದಲು ರಭಸದ ನೀರಿನಿಂದ ತೊಳೆಯಿರಿ, ಹೆಚ್ಚಿದ್ದರೆ ಕುಡಿ ಕತ್ತರಿಸಿ.

ವಾರಕ್ಕೊಮ್ಮೆ, ಕನಿಷ್ಠ ಮೂರು ವಾರ ಹೊಡೆಯಿರಿ. ಒಂದೇ ಸಲ ಹೊಡೆದು ಕೈಬಿಟ್ಟರೆ ಮೊಟ್ಟೆಯಿಂದ ಬಂದ ಹೊಸ ಮರಿಗಳು ಮತ್ತೆ ತುಂಬಿಕೊಳ್ಳುತ್ತವೆ. ಎಳೆ ಸಸಿಗೆ, ಜರಿಗಿಡಕ್ಕೆ ಮೊದಲು ಎರಡು ಎಲೆಗೆ ಹಾಕಿ ಒಂದು ದಿನ ನೋಡಿ. ಗುಲಗಂಜಿ ಹುಳು ಕಂಡ ಕೊಂಬೆಯನ್ನು ಬಿಟ್ಟುಬಿಡಿ, ಗಿಡಹೇನನ್ನು ಅದೇ ತಿಂದು ಮುಗಿಸುತ್ತದೆ. ಸೊಪ್ಪು, ಕರಿಬೇವಿಗೆ ಹೊಡೆದರೆ ಒಂದು ವಾರ ಕೊಯ್ಯದೆ, ಆಮೇಲೂ ಚೆನ್ನಾಗಿ ತೊಳೆದು ಬಳಸಿ.

ನೈಸರ್ಗಿಕ ಎಂದ ಮಾತ್ರಕ್ಕೆ ಎಚ್ಚರ ತಪ್ಪಬಾರದು. ಬೇವಿನ ಎಣ್ಣೆಯನ್ನು ಎಳೆಮಕ್ಕಳು ಕುಡಿದರೆ ಜೀವಕ್ಕೇ ಅಪಾಯ, ಬಾಟಲಿ ಎತ್ತರದಲ್ಲಿಡಿ. ಪಂಪು ತೊಳೆದ ನೀರನ್ನು ಮೀನಿನ ತೊಟ್ಟಿಗೆ, ಕೆರೆಗೆ ಚೆಲ್ಲಬೇಡಿ.

ಕಷಾಯ ಹಿಂಡಿ ಉಳಿದ ಚರಟವನ್ನು ಕುಂಡದ ಮಣ್ಣಿಗೆ ಬೆರೆಸಿ, ಬೇವಿನ ಹಿಂಡಿಯಂತೆಯೇ ಗೊಬ್ಬರವಾಗುತ್ತದೆ. ಈ ಆಷಾಢದಲ್ಲಿ ನಿಮ್ಮ ಬೀದಿಯ ಬೇವಿನ ಮರದಡಿ ಒಮ್ಮೆ ಬಗ್ಗಿ ನೋಡಿ. ಒಂದು ಕಿಲೋ ತಿರುಳು ಕೂಡಿಟ್ಟರೆ 20 ಲೀಟರ್ ಕಷಾಯಕ್ಕೆ ಸಾಕು.