ಅಂಗಡಿ ಗಾಜಿನ ತೂತು: ತುಂಬಿಸಬೇಕೋ, ಬದಲಿಸಬೇಕೋ?

ಪ್ರಶ್ನೆ: ಸಿಂಧನೂರಿನ ಹೆದ್ದಾರಿ ಬದಿಯಲ್ಲಿ ನಮ್ಮ ಬಟ್ಟೆ ಅಂಗಡಿ ಇದೆ. ಲಾರಿ ಗಾಲಿಯಿಂದ ಸಿಡಿದ ಜಲ್ಲಿಕಲ್ಲು ಬಡಿದು ಮುಂದಿನ ದೊಡ್ಡ ಗಾಜಿಗೆ ಸಣ್ಣ ತೂತಾಗಿದೆ. ಇಡೀ ಗಾಜು ಬದಲಿಸಲೇಬೇಕೇ?

ಉತ್ತರ: ಬಿರುಕು ಹಬ್ಬದಿದ್ದರೆ ಸದ್ಯಕ್ಕೆ ಬೇಡ. ಟಫನ್ಡ್ ಗಾಜಾಗಿದ್ದರೆ ತೂತು ಬಿದ್ದ ಕ್ಷಣವೇ ಪುಡಿಪುಡಿಯಾಗುತ್ತಿತ್ತು. ನಿಮ್ಮದು ಬಹುಶಃ ಸಾದಾ ಗಾಜು. ಕಲ್ಲೇಟಿಗೆ ಅದು ಶಂಕುವಿನಾಕಾರದಲ್ಲಿ ಸಿಡಿಯುತ್ತದೆ. ಹೊರಗೆ ಗುಂಡುಸೂಜಿಯ ತಲೆಯಷ್ಟು ಕಂಡರೂ ಒಳಗೆ ತೂತು ಅಗಲವಾಗಿರುತ್ತದೆ.

ಕಾರಿನ ಗಾಜು ರಿಪೇರಿಗೆ ಬಳಸುವ, ಬಿಸಿಲಿಗೆ ಗಟ್ಟಿಯಾಗುವ ರೆಸಿನ್ ತನ್ನಿ. ಕೈಗವಸು, ಕನ್ನಡಕ ಹಾಕಿಕೊಂಡು ಸಡಿಲ ಚೂರುಗಳನ್ನು ತೆಗೆಯಿರಿ. ಸ್ಪಿರಿಟ್‌ನಲ್ಲಿ ಒರೆಸಿ ಪೂರ್ತಿ ಒಣಗಿಸಿ. ಹೊರಬದಿಗೆ ಪಾರದರ್ಶಕ ಟೇಪ್ ಬಿಗಿಯಾಗಿ ಅಂಟಿಸಿ, ಅಗಲ ಬಾಯಿರುವ ಒಳಬದಿಯಿಂದ ಹನಿಹನಿಯಾಗಿ ತುಂಬಿಸಿ. ಗುಳ್ಳೆ ಕಂಡರೆ ಸೂಜಿಮೊನೆಯಿಂದ ಒಡೆಯಿರಿ. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಒತ್ತಿ. ಗಟ್ಟಿಯಾದ ಮೇಲೆ ಉಬ್ಬನ್ನು ಬ್ಲೇಡಿನಿಂದ ಸವರಿದರಾಯಿತು.

ತುಂಬಿಸುವ ಕೆಲಸ ಬೆಳಗಿನ ನೆರಳಲ್ಲೇ ಆಗಲಿ, ಆಮೇಲೆ ಬಿಸಿಲು ತಾಗಿ ಗಟ್ಟಿಯಾಗಲಿ. ನಮ್ಮ ಕಡೆಯ ಮಧ್ಯಾಹ್ನದ ಬಿಸಿಲಿಗೆ ರೆಸಿನ್ ಒಳಗಿಳಿಯುವ ಮೊದಲೇ ಗಡುಸಾಗುತ್ತದೆ. ಕಾದ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಓಡುತ್ತದೆ.

ತುಂಬಿಸಿದರೆ ಧೂಳು, ಮಳೆನೀರು ನಿಲ್ಲುತ್ತವೆ. ಮೊದಲಿನ ಬಲ ಮರಳುವುದಿಲ್ಲ. ಬಿರುಕಿನ ತುದಿಗೆ ಮಾರ್ಕರ್ ಗುರುತು ಹಾಕಿ ವಾರವಾರ ನೋಡಿ. ಅದು ಗುರುತು ದಾಟಿದರೆ, ಚೌಕಟ್ಟು ಮುಟ್ಟಿದ್ದರೆ, ಅಥವಾ ಗಾಜು ಗಿರಾಕಿಗಳು ಓಡಾಡುವ ಬಾಗಿಲ ಪಕ್ಕವೇ ಇದ್ದರೆ ರಿಪೇರಿ ಬಿಟ್ಟು ಟಫನ್ಡ್ ಅಥವಾ ಲ್ಯಾಮಿನೇಟೆಡ್ ಗಾಜು ಹಾಕಿಸಿ. ಲಿಂಗಸುಗೂರು, ಮಸ್ಕಿಯ ರಸ್ತೆಬದಿ ಅಂಗಡಿಯವರಿಗೂ ಇದೇ ಮಾತು.