ಪುಟ್ಟಿ, ಬ್ರೇಕಿಗೆ ಕೊಡು, ಸ್ಟೀರಿಂಗಿಗೆ ಬೇಡ

ಪುಟ್ಟಿ,

‘ಮಧ್ಯದ ಮಾಡೆಲ್‌ಗೂ ಅಡಾಸ್ ಇರುವ ಟಾಪ್ ಮಾಡೆಲ್‌ಗೂ ಎರಡು ಲಕ್ಷ ವ್ಯತ್ಯಾಸ ಬರುತ್ತೆ ಮಾವ, ಕೊಡಬಹುದಾ?’ ಅಂತ ಕೇಳಿದೆಯಲ್ಲ. ಫೋನಿನಲ್ಲೇ ಹೂಂ ಅಂತಲೋ ಬೇಡ ಅಂತಲೋ ಹೇಳಿ ಮುಗಿಸುವ ವಿಷಯವಲ್ಲ ಅನ್ನಿಸಿ ಬರೆಯಲು ಕೂತಿದ್ದೇನೆ. ನಿಮ್ಮ ಮನೆ ಇರುವುದು ದೊಮ್ಮಸಂದ್ರದಲ್ಲಿ. ನೀನು ಗುಂಜೂರು, ವರ್ತೂರು ದಾಟಿ ವೈಟ್‌ಫೀಲ್ಡ್‌ಗೆ ಹೋಗಬೇಕು. ಅಳಿಯಂದಿರು ಚಂದಾಪುರದ ಮೇಲೆ ಬೊಮ್ಮಸಂದ್ರದ ಫ್ಯಾಕ್ಟರಿಗೆ ಹೋಗಬೇಕು. ರಜೆ ಬಂದರೆ ತುಮಕೂರಿನಲ್ಲಿ ಅಕ್ಕನ ಮನೆ. ನಿಮ್ಮ ಗಾಡಿ ಓಡುವುದು ಈ ಮೂರು ದಾರಿಯಲ್ಲಿ. ಇವನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದರೆ ಮಾತ್ರ ಉತ್ತರ ಸಿಗುತ್ತದೆ. ಶೋರೂಮಿನ ಪರದೆಯಲ್ಲಿ ತೋರಿಸುವ ಖಾಲಿ ರಸ್ತೆ ನಮ್ಮ ಕಡೆ ಎಲ್ಲೂ ಇಲ್ಲ.

ಅಡಾಸ್ ಅಂದರೆ ಒಂದು ಯಂತ್ರವಲ್ಲ ಕಣಮ್ಮ, ಹತ್ತಾರು ಕೆಲಸಗಳಿಗೆ ಸೇರಿಸಿ ಇಟ್ಟ ಹೆಸರು. ಮುಂದಿನ ಗಾಜಿನ ಹಿಂದೆ ಒಂದು ಕ್ಯಾಮೆರಾ ಕೂತಿರುತ್ತದೆ. ಕೆಲವು ಗಾಡಿಗಳಲ್ಲಿ ಅದರ ಜೊತೆಗೆ ಬಂಪರಿನ ಕಡೆ ರೇಡಾರ್ ಇರುತ್ತದೆ, ಕೆಲವದರಲ್ಲಿ ಕ್ಯಾಮೆರಾ ಒಂದೇ. ಇವು ಕಂಡದ್ದನ್ನು ಕಂಪ್ಯೂಟರ್ ಅಳೆದು ಎರಡು ಬಗೆಯ ಕೆಲಸ ಮಾಡುತ್ತದೆ. ಒಂದು, ನೀನು ನೋಡದೆ ಹೋದದ್ದನ್ನು ಕೂಗಿ ಹೇಳುವುದು, ಅಗತ್ಯ ಬಿದ್ದರೆ ತಾನೇ ಬ್ರೇಕ್ ಒತ್ತುವುದು. ಇನ್ನೊಂದು, ನೀನು ಮಾಡಬೇಕಾದ ಚಾಲನೆಯನ್ನೇ ಒಂದಿಷ್ಟು ವಹಿಸಿಕೊಳ್ಳುವುದು: ಮುಂದಿನ ಗಾಡಿಯ ವೇಗ ನೋಡಿ ತಾನೂ ನಿಧಾನಿಸುವ ಕ್ರೂಸ್, ಬಿಳಿ ಗೆರೆ ಹಿಡಿದು ಸ್ಟೀರಿಂಗ್ ತಿರುಗಿಸುವ ಲೇನ್ ಅಸಿಸ್ಟ್. ಮೊದಲನೆಯದಕ್ಕೆ ದುಡ್ಡು ಕೊಡಬಹುದು, ಎರಡನೆಯದಕ್ಕೆ ಒಂದು ರೂಪಾಯಿಯನ್ನೂ ಲೆಕ್ಕಕ್ಕೆ ಹಿಡಿಯಬೇಡ. ಹೀಗೆ ಯಾಕೆ ಹೇಳುತ್ತೇನೆ ಅನ್ನುವುದಕ್ಕೆ ನನ್ನ ಪೀಣ್ಯದ ಕಸುಬನ್ನೇ ಎತ್ತಿಕೊಳ್ಳಬೇಕು.

ಶೀಟ್ ಮೆಟಲ್ ಪ್ರೆಸ್ ಶಾಪಿನಲ್ಲಿ ಡೈ ಕೆಳಗೆ ಕೈ ಇಡುವುದು ಕ್ಷಣದ ಕೆಲಸ. ಎರಡು ಬೆರಳಿಲ್ಲದ ಕೈಗಳನ್ನು ಪೀಣ್ಯದ ಯಾವ ಟೀ ಅಂಗಡಿಯ ಮುಂದೆ ನಿಂತರೂ ಒಂದು ಕಾಲದಲ್ಲಿ ಕಾಣಬಹುದಿತ್ತು. ಆಮೇಲೆ ಲೈಟ್ ಕರ್ಟನ್ ಬಂತು. ಪ್ರೆಸ್ಸಿನ ಮುಂದೆ ಕಾಣದ ಬೆಳಕಿನ ಪರದೆ. ಕೈ ಒಳಗೆ ಹೋದರೆ ಯಂತ್ರ ನಿಲ್ಲುತ್ತದೆ. ಅದು ಎಷ್ಟು ಬೆರಳು ಉಳಿಸಿದೆ ಅನ್ನುವುದನ್ನು ಕಣ್ಣಾರೆ ಕಂಡವನು ನಾನು, ಆದ್ದರಿಂದ ಸೆನ್ಸರ್ ಅಂದರೆ ಮೂಗು ಮುರಿಯುವ ಮುದುಕ ನಾನಲ್ಲ. ಆದರೆ ಅದೇ ಶಾಪುಗಳಲ್ಲಿ ಎರಡು ಕೆಟ್ಟ ಚಾಳಿಗಳನ್ನೂ ಕಂಡೆ. ಪದೇ ಪದೇ ಸುಮ್ಮನೆ ನಿಲ್ಲುತ್ತದೆ, ಪ್ರೊಡಕ್ಷನ್ ಕಡಿಮೆಯಾಗುತ್ತದೆ ಎಂದು ಸೂಪರ್‌ವೈಸರ್ ಅದನ್ನು ಬೈಪಾಸ್ ಮಾಡಿಸುವುದು ಒಂದು. ಹೇಗೂ ನಿಲ್ಲುತ್ತದಲ್ಲ ಎಂದು ಹುಡುಗರು ಕಣ್ಣು ಬೇರೆ ಕಡೆ ಇಟ್ಟುಕೊಂಡು ಕೈ ಹಾಕುವುದು ಇನ್ನೊಂದು. ಕಾರಿನ ಅಡಾಸ್‌ಗೂ ಈ ಎರಡೇ ಶತ್ರುಗಳು. ಸುಮ್ಮನೆ ಬಡಿದುಕೊಳ್ಳುವ ಎಚ್ಚರಿಕೆಯನ್ನು ಬೇಸತ್ತು ಆಫ್ ಮಾಡುತ್ತಾರೆ, ಸರಿಯಾಗಿ ಕೆಲಸ ಮಾಡುವುದನ್ನು ನಂಬಿ ಫೋನ್ ನೋಡುತ್ತಾರೆ. ಈಗ ನಮ್ಮಲ್ಲಿ ಮಾರುವ ಅಡಾಸ್ ಹೆಚ್ಚೆಂದರೆ ‘ಲೆವೆಲ್ 2’. ಅಂದರೆ ಸ್ಟೀರಿಂಗ್ ತಾನೇ ತಿರುಗುತ್ತಿದ್ದರೂ ರಸ್ತೆ ನೋಡುವ ಹೊಣೆ ಪೂರ್ತಿ ನಿನ್ನದೇ.

ಈಗ ದಾರಿಗೆ ಬರೋಣ. ಸಂಜೆ ಆರು ಗಂಟೆಗೆ ವರ್ತೂರು ಕೋಡಿಯಲ್ಲಿ ನಿನ್ನ ಬಂಪರಿನ ಮುಂದೆ ಯಾರಿರುತ್ತಾರೆ ನೆನೆಸಿಕೋ. ಎಡದಿಂದ ನುಗ್ಗುವ ಡೆಲಿವರಿ ಹುಡುಗನ ಸ್ಕೂಟರ್, ಎದುರು ದಿಕ್ಕಿನಲ್ಲಿ ಬರುವ ಆಟೋ, ಟ್ಯಾಂಕರ್ ಹಿಂದಿನಿಂದ ತಟಕ್ಕನೆ ರಸ್ತೆ ದಾಟುವ ಗಾರೆ ಕೆಲಸದವರು. ಬೊಮ್ಮಸಂದ್ರದಲ್ಲಿ ಶಿಫ್ಟ್ ಬಿಟ್ಟಾಗ ಹೊಸೂರು ರಸ್ತೆ ದಾಟುವ ಗುಂಪು ಇನ್ನೂ ದೊಡ್ಡದು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ ನಲವತ್ನಾಲ್ಕಕ್ಕೂ ಹೆಚ್ಚು ಜನ ದ್ವಿಚಕ್ರದವರು, ಹತ್ತೊಂಬತ್ತಕ್ಕೂ ಹೆಚ್ಚು ಜನ ನಡೆದು ಹೋಗುವವರು. ಕಾರಿನೊಳಗಿದ್ದವರ ಪಾಲು ಇವೆರಡಕ್ಕಿಂತ ಕಡಿಮೆ. ಅಡಾಸ್ ನನ್ನ ಕುಟುಂಬವನ್ನು ಕಾಪಾಡುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ನಿನ್ನ ದಾರಿಯಲ್ಲಿ ಅದರ ಬೆಲೆ ತೀರ್ಮಾನವಾಗುವುದು ಕಾರಿನ ಹೊರಗಿರುವವರಿಂದ ಪುಟ್ಟಿ. ಆ ಸ್ಕೂಟರಿನ ಹುಡುಗನೂ ಯಾರದೋ ಮನೆಯ ಮಗನೇ. ನೀನು ಕೊಡುವ ದುಡ್ಡು ಅವನನ್ನು ಉಳಿಸುವಂತಿದ್ದರೆ ಅದು ಖರ್ಚಾಯಿತು ಎಂದು ನಾನು ಅನ್ನುವುದಿಲ್ಲ.

ಅದಕ್ಕೇ ತಾನಾಗಿ ಬ್ರೇಕ್ ಹಾಕುವ ಸೌಲಭ್ಯದ ಮೇಲೆ ನನಗೆ ಗೌರವ. ಮುಂದಿನ ಗಾಡಿಗೆ ಹಿಂದಿನಿಂದ ಗುದ್ದುವ ಅಪಘಾತಗಳನ್ನು ಅದು ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂದು ಅಮೆರಿಕದ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆ ಲೆಕ್ಕ ಹಾಕಿದೆ. ಅಲ್ಲಿನ ರಸ್ತೆ ಬೇರೆ, ಇಲ್ಲಿನದು ಬೇರೆ, ಒಪ್ಪಿದೆ. ಆದರೆ ಭೌತಶಾಸ್ತ್ರ ಎರಡೂ ಕಡೆ ಒಂದೇ. ಐವತ್ತರ ವೇಗ ಇಪ್ಪತ್ತೈದಕ್ಕೆ ಇಳಿದ ಮೇಲೆ ಗುದ್ದಿದರೆ ಆ ಗುದ್ದಿನ ಶಕ್ತಿ ಕಾಲು ಭಾಗವಷ್ಟೇ ಉಳಿದಿರುತ್ತದೆ. ಪೂರ್ತಿ ನಿಲ್ಲಿಸಲು ಆಗದಿದ್ದರೂ ಸಾವು ಹೋಗಿ ಮುರಿದ ಕಾಲಾಗುವುದು ಇಂಥ ಕಡೆಯೇ. ಅದೇ ಸಂಸ್ಥೆ 2024ರಲ್ಲಿ ಇನ್ನೊಂದು ಮಾತನ್ನೂ ಹೇಳಿತು: ಕ್ರೂಸ್ ಮತ್ತು ಲೇನ್ ಹಿಡಿತ ಸೇರಿ ಕಾರೇ ಓಡುವಂಥ ವ್ಯವಸ್ಥೆಗಳಿಂದ ಅಪಘಾತ ತಪ್ಪುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ, ಅದನ್ನು ಅನುಕೂಲ ಅನ್ನಬಹುದೇ ಹೊರತು ಸುರಕ್ಷತೆ ಅನ್ನಲಾಗದು.

ಬ್ರೇಕ್ ಸೌಲಭ್ಯವನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಅದೇ ಸಂಸ್ಥೆಯವರು ರಾತ್ರಿ ಹೊತ್ತು ಮನುಷ್ಯಾಕಾರದ ಬೊಂಬೆಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ತೊಡಿಸಿ ಮೂರು ಕಾರುಗಳನ್ನು ಪರೀಕ್ಷಿಸಿದರು. 2025ರ ಜನವರಿಯಲ್ಲಿ ಫಲಿತಾಂಶ ಹೊರಬಂತು. ಎರಡು ಕಾರುಗಳಿಗೆ ಆ ಬೊಂಬೆ ಮನುಷ್ಯ ಎಂದು ಗೊತ್ತಾಗದೆ ಗುದ್ದಿದವು. ನಮ್ಮ ಕಣ್ಣಿಗೆ ಎದ್ದು ಕಾಣಲೆಂದು ಹಾಕುವ ಪಟ್ಟಿಯೇ ಕ್ಯಾಮೆರಾದ ಲೆಕ್ಕವನ್ನು ಕೆಡಿಸಿತು. ಇದನ್ನು ಓದಿದಾಗ ನನ್ನ ಮನಸ್ಸಿಗೆ ಬಂದವರು ಬೆಳಕು ಹರಿಯುವ ಮುಂಚೆ ರಸ್ತೆಗಿಳಿಯುವ ನಮ್ಮ ಪೌರಕಾರ್ಮಿಕ ಹೆಣ್ಣುಮಕ್ಕಳು. ಅವರು ಹಾಕಿಕೊಳ್ಳುವುದು ಅಂಥದೇ ಜಾಕೆಟ್ಟು. ನೀನು ಬೆಳಗಿನ ಕಾಲ್‌ಗೆಂದು ಐದೂವರೆಗೆ ಹೊರಡುವ ದಿನಗಳಲ್ಲಿ ಕಾರಿಗಿಂತ ನಿನ್ನ ಕಣ್ಣೇ ಅವರಿಗೆ ಆಸರೆ.

ನಮ್ಮ ಊರಿನ ದಟ್ಟಣೆಯಲ್ಲಿ ಕ್ರೂಸ್ ಮುಂದಿನ ಗಾಡಿಯಿಂದ ಬಿಡುವ ಅಂತರದಲ್ಲಿ ಮೂರು ಬೈಕು ತೂರುತ್ತವೆ. ಪ್ರತಿ ಬಾರಿಯೂ ಕಾರು ಇನ್ನಷ್ಟು ಹಿಂದೆ ಸರಿಯುತ್ತದೆ, ಹಿಂದಿನವನು ಹಾರನ್ ಹೊಡೆಯುತ್ತಾನೆ. ಗುಂಜೂರು ರಸ್ತೆಯಲ್ಲಿ ಬಿಳಿ ಗೆರೆ ಎಲ್ಲಿದೆ, ಲೇನ್ ಅಸಿಸ್ಟ್ ಹಿಡಿದುಕೊಳ್ಳಲು? ಗುಂಡಿ ತಪ್ಪಿಸಲು ಇಂಡಿಕೇಟರ್ ಹಾಕದೆ ಪಕ್ಕಕ್ಕೆ ಎಳೆದರೆ, ಗೆರೆ ಇರುವ ಕಡೆ ಅದು ಸ್ಟೀರಿಂಗನ್ನು ವಾಪಸ್ ಗುಂಡಿಯ ಕಡೆಗೇ ತಳ್ಳುತ್ತದೆ. ಇವು ಸಲೀಸಾಗಿ ಕೆಲಸ ಮಾಡುವ ರಸ್ತೆಗಳು ಈಚೆಗೆ ನಮ್ಮಲ್ಲೂ ಬಂದಿವೆ. ಹೊಸಕೋಟೆಯಿಂದ ಬೇತಮಂಗಲದವರೆಗೆ ತೆರೆದಿರುವ ಚೆನ್ನೈ ಎಕ್ಸ್‌ಪ್ರೆಸ್‌ವೇ ಅಂಥದು. 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ನಿಲ್ಲಿಸಿರುವ ಮೈಸೂರು ಎಕ್ಸ್‌ಪ್ರೆಸ್‌ವೇ ಕೂಡ. ತಿಂಗಳಿಗೆ ನಾಲ್ಕು ಸಲ ಅಲ್ಲಿ ಓಡುವವರಿಗೆ ಕಾಲಿಗೆ ಬಿಡುವು ಸಿಗುತ್ತದೆ. ವರ್ಷಕ್ಕೊಮ್ಮೆ ಚಾಮುಂಡಿ ಬೆಟ್ಟಕ್ಕೆ ಹೋಗುವ ನಿಮಗೆ ಏನು ಸಿಗುತ್ತದೆ?

ಬದಲಿಗೆ ಸದ್ದಿಲ್ಲದೆ ದಿನವೂ ಉಪಯೋಗಕ್ಕೆ ಬರುವುದು ಬ್ಲೈಂಡ್ ಸ್ಪಾಟ್ ಎಚ್ಚರಿಕೆ. ನಮ್ಮಲ್ಲಿ ಬೈಕುಗಳು ಎರಡೂ ಕಡೆಯಿಂದ ಮುಂದೆ ಹೋಗುತ್ತವಾದ್ದರಿಂದ ಕನ್ನಡಿಯಲ್ಲಿ ಕಾಣದ ಜಾಗವೇ ದೊಡ್ಡದು. ಅಪಾರ್ಟ್‌ಮೆಂಟಿನಿಂದ ಹಿಂದಕ್ಕೆ ತೆಗೆಯುವಾಗ ಪಕ್ಕದಿಂದ ಬರುವವರನ್ನು ತಿಳಿಸುವ ಸೌಲಭ್ಯ, ಸುತ್ತಲೂ ತೋರಿಸುವ 360 ಡಿಗ್ರಿ ಕ್ಯಾಮೆರಾ ಕೂಡ ಹಾಗೆಯೇ. ಬೇಸ್‌ಮೆಂಟಿನಲ್ಲಿ ಮಕ್ಕಳು ಸೈಕಲ್ ಹೊಡೆಯುವ ಕಟ್ಟಡ ನಿಮ್ಮದು. ಈ ಕ್ಯಾಮೆರಾ ಎಷ್ಟೋ ಗಾಡಿಗಳಲ್ಲಿ ಅಡಾಸ್ ಇಲ್ಲದ ಮಾಡೆಲ್‌ನಲ್ಲೂ ಸಿಗುತ್ತದೆ, ವಿಚಾರಿಸು.

ತುಮಕೂರು ರಸ್ತೆಯ ಬಗ್ಗೆ ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯಲೇಬೇಕು. 2024ರ ಡಿಸೆಂಬರ್ 21ರಂದು ನೆಲಮಂಗಲದ ಹತ್ತಿರ ಕಂಟೇನರ್ ಲಾರಿಯೊಂದು ಡಿವೈಡರ್ ದಾಟಿ ಈಚೆ ಕಡೆ ಬರುತ್ತಿದ್ದ ಕಾರಿನ ಮೇಲೆ ಮಗುಚಿತು. ಒಂದೇ ಕುಟುಂಬದ ಆರು ಜನ ಹೋದರು. ಅವರ ಕಾರು ಲೋಕದಲ್ಲೇ ಅತ್ಯಂತ ಸುರಕ್ಷಿತ ಎಂದು ಹೆಸರಾದ ಕಾರುಗಳಲ್ಲಿ ಒಂದು. ಅದರಲ್ಲಿ ಏನು ಕಡಿಮೆ ಇತ್ತು ಎಂದು ಕೇಳುವುದೇ ತಪ್ಪು. ಆ ಭಾರ ಮೇಲೆ ಬಿದ್ದರೆ ಯಾವ ಸೆನ್ಸರೂ ಏನೂ ಮಾಡಲಾರದು. ಈ ಸೆನ್ಸರುಗಳು ಎಲ್ಲಕ್ಕಿಂತ ಮೊದಲು ಇರಬೇಕಾದದ್ದು ಲಾರಿ, ಬಸ್ಸುಗಳಲ್ಲಿ. ಹೊಸ ಲಾರಿ, ಬಸ್ಸುಗಳಿಗೆ ತುರ್ತು ಬ್ರೇಕ್ ಮತ್ತು ಚಾಲಕನ ತೂಕಡಿಕೆ ಎಚ್ಚರಿಕೆ ಕಡ್ಡಾಯ ಮಾಡಲು ಕೇಂದ್ರ ಸಾರಿಗೆ ಸಚಿವಾಲಯ 2025ರಲ್ಲಿ ಕರಡು ಹೊರಡಿಸಿತು. ನಿನ್ನ ಕಾರಿನ ಎರಡು ಲಕ್ಷಕ್ಕಿಂತ ಆ ನಿಯಮ ಹೆಚ್ಚು ಜೀವ ಉಳಿಸೀತು. ಅಲ್ಲಿಯವರೆಗೆ ಆ ದಾರಿಯಲ್ಲಿ ಲಾರಿಗಳ ಪಕ್ಕಕ್ಕೆ ಅಂಟಿಕೊಂಡು ಓಡಿಸಬೇಡಿ, ರಾತ್ರಿ ಹೊರಡಬೇಡಿ. ಅಕ್ಕ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂರುತ್ತಾಳೆ, ಹಾಕಿಸು. 2022ರಲ್ಲಿ ಸೈರಸ್ ಮಿಸ್ತ್ರಿಯವರು ಅಪಘಾತದಲ್ಲಿ ತೀರಿಕೊಂಡಾಗ ಹಿಂದೆ ಬೆಲ್ಟ್ ಇಲ್ಲದೆ ಕೂತಿದ್ದರು. ಆ ಬೆಲ್ಟಿಗೆ ನೀನು ಹೆಚ್ಚಿಗೆ ಏನೂ ಕೊಡಬೇಕಾಗಿಲ್ಲ.

ಇನ್ನು ದುಡ್ಡಿನ ಮಾತು. ಎರಡು ಲಕ್ಷ ಅನ್ನುವುದು ಎಕ್ಸ್-ಶೋರೂಂ ಲೆಕ್ಕ. ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಶೇಕಡಾ 17, ಅಂದರೆ ಆ ಎರಡು ಲಕ್ಷದ ಮೇಲೆಯೇ 34,000 ರೂಪಾಯಿ. ಸೆಸ್, ವಿಮೆ ಅದರಾಚೆ. ಅಷ್ಟೂ ಅಡಾಸ್‌ಗೇ ಹೋಗುತ್ತದೆ ಅಂತಲೂ ತಿಳಿಯಬೇಡ. ಟಾಪ್ ಮಾಡೆಲ್ ಅಂದಮೇಲೆ ಸನ್‌ರೂಫ್, ತಂಪು ಸೀಟು, ದೊಡ್ಡ ಪರದೆ, ದೊಡ್ಡ ಅಲಾಯ್ ಎಲ್ಲ ಅದರೊಳಗೇ ಇರುತ್ತವೆ. ಕೆಲವು ಕಂಪನಿಗಳು ಬ್ರೇಕ್ ಸೌಲಭ್ಯವನ್ನು ಒಂದು ಮೆಟ್ಟಿಲು ಕೆಳಗೇ ಕೊಡುತ್ತವೆ. 2020-21ರಲ್ಲಿ ಇದೆಲ್ಲ ದೊಡ್ಡ ಗಾಡಿಗಳ ಮಾತಾಗಿತ್ತು. 2024ರ ಡಿಸೆಂಬರ್‌ನಲ್ಲಿ ಹೊಸ ಹೋಂಡಾ ಅಮೇಜ್ ಹತ್ತು ಲಕ್ಷದ ಒಳಗಿನ ಬೆಲೆಗೇ ಅಡಾಸ್ ಹೊತ್ತು ಬಂತು. ಬೆಲೆ ಇಳಿಯುತ್ತಿರುವ ವಸ್ತುವಿಗೆ ಆತುರ ಬೇಡ.

ಗಾಜು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು, ಇಲ್ಲದಿದ್ದರೆ ಅದು ಕಂಡದ್ದೇ ತಪ್ಪಾಗುತ್ತದೆ. ರೇಡಾರ್ ಇದ್ದರೆ ಬಂಪರ್ ತಗುಲಿದ ಮೇಲೂ ಹಾಗೇ. ಟಿಪ್ಪರ್ ಹಿಂದೆ ಓಡಿ ಗಾಜಿಗೆ ಜಲ್ಲಿ ಬೀಳದ ಕಾರು ನಿಮ್ಮ ಕಡೆ ಉಂಟೇ? ಆ ಗಾಜಿನ ಬೆಲೆ, ಹೊಂದಿಸುವ ಉಪಕರಣ ನಿಮ್ಮ ಸರ್ವಿಸ್ ಸೆಂಟರಿನಲ್ಲಿದೆಯೇ ಅನ್ನುವುದು, ಝೀರೋ ಡೆಪ್ ವಿಮೆಯಲ್ಲಿ ಅದು ಸೇರುತ್ತದೆಯೇ ಅನ್ನುವುದು, ಈ ಮೂರನ್ನೂ ಬರಹದಲ್ಲಿ ತೆಗೆದುಕೋ.

ಇವೆಲ್ಲಕ್ಕೂ ಮೊದಲು ಆರು ಏರ್‌ಬ್ಯಾಗ್, ಇಎಸ್‌ಸಿ, ಭಾರತ್ ಎನ್‌ಕ್ಯಾಪ್ ಕ್ರ್ಯಾಶ್ ಪರೀಕ್ಷೆಯಲ್ಲಿ ಒಳ್ಳೆಯ ನಕ್ಷತ್ರ ಇರುವ ಗಾಡಿಯೇ ಆಗಬೇಕು. 2023ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಈ ಪರೀಕ್ಷೆಯಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ನಕ್ಷತ್ರ ಪಡೆಯಲು ಇಎಸ್‌ಸಿ ಇರಲೇಬೇಕು. ಮಳೆಯಲ್ಲಿ ತಟಕ್ಕನೆ ತಿರುಗಿಸಿದಾಗ ಒಂದೊಂದು ಚಕ್ರಕ್ಕೂ ಬೇರೆ ಬೇರೆ ಬ್ರೇಕ್ ಕೊಟ್ಟು ಗಾಡಿ ಜಾರದಂತೆ ಹಿಡಿಯುವುದು ಅದು. ಅದಿಲ್ಲದ ಗಾಡಿಗೆ ಅಡಾಸ್ ಸಿಕ್ಕಿತೆಂದು ಆಸೆಪಡುವುದು ಪಾಯ ಬಿಟ್ಟು ಮಾಳಿಗೆ ಕಟ್ಟಿದ ಹಾಗೆ.

ಟೆಸ್ಟ್ ಡ್ರೈವ್‌ಗೆ ಹೋಗುವಾಗ ನೀನು ಕೊಳ್ಳುವ ಮಾಡೆಲ್ಲನ್ನೇ ಕೇಳು. ಭಾನುವಾರ ಬೆಳಿಗ್ಗೆ ಬೇಡ, ಕೆಲಸದ ದಿನ ಸಂಜೆ ಹೋಪ್ ಫಾರ್ಮ್ ಸುತ್ತಿಸು. ಎಷ್ಟು ಸಲ ಸುಮ್ಮಸುಮ್ಮನೆ ಬಡಿದುಕೊಂಡಿತು, ಸುಮ್ಮನೆ ಬ್ರೇಕ್ ಹಾಕಿ ಹಿಂದಿನವನನ್ನು ಬೆಚ್ಚಿಬೀಳಿಸಿತೇ ಎಂದು ಅಳಿಯಂದಿರು ಪಕ್ಕದಲ್ಲಿ ಕೂತು ನೋಡಲಿ. ಲೇನ್ ಅಸಿಸ್ಟ್ ಮಾತ್ರ ಆಫ್ ಮಾಡಿ ಬ್ರೇಕನ್ನು ಉಳಿಸಿಕೊಳ್ಳಲು ಬರುತ್ತದೆಯೇ, ಹಾಗೆ ಆಫ್ ಮಾಡಿದ್ದು ಮರುದಿನ ಸ್ಟಾರ್ಟ್ ಮಾಡಿದಾಗ ಹಾಗೇ ಇರುತ್ತದೆಯೇ ನೋಡಿ. ಬೈಕಿಗೂ ಪಾದಚಾರಿಗೂ ಯಾವ ವೇಗದವರೆಗೆ ಬ್ರೇಕ್ ಹಾಕುತ್ತದೆ ಅನ್ನುವುದು ಕೈಪಿಡಿಯಲ್ಲಿ ಇರುತ್ತದೆ. ಸೇಲ್ಸ್ ಹುಡುಗನ ಬಾಯಿಮಾತು ಸಾಲದು, ಪುಟ ತೆರೆಸಿ ಓದು. ಮರ್ಸಿಡಿಸ್ ಬೆಂಜ್‌ನ ಸಂಶೋಧನಾ ಕೇಂದ್ರ ನಿನ್ನ ವೈಟ್‌ಫೀಲ್ಡ್‌ನಲ್ಲೇ ಇದೆ, ಈ ತಂತ್ರಾಂಶ ಬರೆಯುವ ಹುಡುಗ ಹುಡುಗಿಯರು ನಿನ್ನ ಸ್ನೇಹಿತರ ಬಳಗದಲ್ಲೇ ಇರಬಹುದು. ಯಾವ ಮಳೆಗೆ, ಯಾವ ಬಿಸಿಲಿಗೆ ಕ್ಯಾಮೆರಾ ಕುರುಡಾಗುತ್ತದೆ ಎಂದು ಅವರನ್ನು ಕೇಳು.

ಬೈಕನ್ನೂ ನಡೆಯುವವರನ್ನೂ ಗುರುತಿಸಿ ಬ್ರೇಕ್ ಹಾಕುವುದಾದರೆ, ಸಾಲದ ಕಂತು ಐದು ವರ್ಷದಿಂದ ಏಳಕ್ಕೆ ಹೋಗದಿದ್ದರೆ, ಕೊಡು ಮಗಳೇ, ನನ್ನ ಒಪ್ಪಿಗೆ ಇದೆ. ಕಂತು ಬಿಗಿಯಾಗುವುದಾದರೆ ಇಎಸ್‌ಸಿ ಇರುವ ಮಧ್ಯದ ಮಾಡೆಲ್ ತೆಗೆದುಕೊಂಡು, ಉಳಿದದ್ದರಲ್ಲಿ ಮಳೆಗಾಲಕ್ಕೆ ಮುಂಚೆ ಸವೆದ ಟೈರು ಬದಲಿಸಲು ಒಂದಿಷ್ಟು ಎತ್ತಿಡು. ಯುಗಾದಿ ಆಫರ್ ಮುಗಿದುಹೋಗುತ್ತೆ ಎಂದು ಅವರು ಫೋನ್ ಮಾಡುತ್ತಲೇ ಇರುತ್ತಾರೆ. ಟೆಸ್ಟ್ ಡ್ರೈವ್ ಆಗುವವರೆಗೆ ಬುಕಿಂಗ್ ದುಡ್ಡು ಕಟ್ಟಬೇಡ.

ನಿನ್ನ ಮಾವ