ಕಾರಿಗೆ ಅಲಾರಂ: ಪೆಟ್ಟಿಗೆಗಿಂತ ಫಿಟ್ಟಿಂಗ್ ಮುಖ್ಯ

ನಾಗ್ಪುರಕ್ಕೆ ವರ್ಗವಾಗಿ ಬರುವ ಕನ್ನಡದ ಕುಟುಂಬಗಳಲ್ಲಿ ಹಲವರು ಊರಿನ ಕಾರನ್ನೇ ರಾಷ್ಟ್ರೀಯ ಹೆದ್ದಾರಿ 44ರ ಮೇಲೆ ಓಡಿಸಿಕೊಂಡು ಬರುತ್ತಾರೆ. ಬಾಡಿಗೆ ಮನೆ ಸಿಗುತ್ತದೆ, ಕಾರಿಗೆ ಜಾಗ ಸಿಗುವುದಿಲ್ಲ. ರಾತ್ರಿಯೆಲ್ಲಾ ಬೀದಿಯಲ್ಲೇ ನಿಲ್ಲುತ್ತದೆ, ಅದೂ ಕೆಎ ನಂಬರ್ ಹೊತ್ತುಕೊಂಡು. ‘ಒಂದು ಅಲಾರಂ ಹಾಕಿಸಿಬಿಡಿ’ ಎಂದು ಅಕ್ಕಪಕ್ಕದವರು ಹೇಳುವುದು ಆಗಲೇ. ಹಾಕಿಸಿ, ತಪ್ಪಿಲ್ಲ. ಆದರೆ ಅಂಗಡಿಗೆ ಹೋಗುವ ಮುಂಚೆ ನಿಮ್ಮ ಕಾರಿನಲ್ಲಿ ಈಗಾಗಲೇ ಏನಿದೆ ಎಂದು ನೋಡಿಕೊಳ್ಳಿ.

ಕಾರಿನ ಜೊತೆ ಕೊಟ್ಟ ಕೈಪಿಡಿಯಲ್ಲಿ ‘ಇಮ್ಮೊಬಿಲೈಸರ್’ ಎಂಬ ಮಾತಿದೆಯೇ ಹುಡುಕಿ. ಇದ್ದರೆ ಕೀಲಿಯ ತಲೆಯೊಳಗೆ ಪುಟ್ಟ ಚಿಪ್ ಇರುತ್ತದೆ. ಅದರ ಗುರುತು ಸಿಗದೆ ಎಂಜಿನ್ ಚಾಲೂ ಆಗದು. ಸದ್ದೇ ಮಾಡದ ಈ ಕಾವಲು ಸೈರನ್‌ಗಿಂತ ಗಟ್ಟಿ. ಸೈರನ್ನಿನ ಕೆಲಸ ಬೇರೆ: ಗಾಜು ಒಡೆದಾಗ, ಬಾಗಿಲು ಮೀಟಿದಾಗ ಕೂಗುವುದು. ಫುಟಾಳಾ ಕೆರೆಯ ದಂಡೆಯಲ್ಲಿ ಸಂಜೆ ಕಾರು ನಿಲ್ಲಿಸಿ ಸೀಟಿನ ಮೇಲೆ ಲ್ಯಾಪ್‌ಟಾಪ್ ಬ್ಯಾಗ್ ಬಿಟ್ಟು ಹೋಗುವವರಿಗೆ ಅದು ಬೇಕು. (ಬ್ಯಾಗನ್ನು ಕೈಯಲ್ಲಿ ಹಿಡಿದುಕೊಂಡು ಹೋದರೆ ಖರ್ಚೇ ಇಲ್ಲ.) ಚಿಪ್ ಇಲ್ಲದ ಹಳೆಯ ಕಾರಾದರೆ ಸ್ಟಾರ್ಟರ್ ಅಥವಾ ಇಗ್ನಿಷನ್ ಕತ್ತರಿಸುವ ರಿಲೇ ಇರುವ ಸೆಟ್ಟನ್ನೇ ಕೇಳಿ, ಜೊತೆಗೊಂದು ಗೇರ್ ಲಾಕ್ ಹಾಕಿಸಿ. ಕೀಲಿ ಜೇಬಿನಲ್ಲಿದ್ದರೆ ಸಾಕು, ಬಾಗಿಲು ತೆರೆಯುತ್ತದೆ ಎನ್ನುವ ಹೊಸ ಕಾರುಗಳ ಕಥೆಯೇ ಬೇರೆ. ಕಳ್ಳರು ಮನೆಯೊಳಗಿನ ಕೀಲಿಯ ಸಿಗ್ನಲ್ಲನ್ನೇ ಹಿಡಿದು ಕಾರಿನವರೆಗೆ ದಾಟಿಸಿದರೆ, ಬಂದವನು ಮಾಲೀಕನೇ ಎಂದು ಕಾರು ನಂಬಿಬಿಡುತ್ತದೆ. ಅಲ್ಲಿ ಸೈರನ್ನಿಗಿಂತ ಸಿಗ್ನಲ್ ತಡೆಯುವ ಕೀಲಿಚೀಲವೇ ಹೆಚ್ಚು ಉಪಯೋಗ.

ಅಂಗಡಿಯಲ್ಲಿ ಸೈರನ್ ಎಷ್ಟು ಬಗೆಯಲ್ಲಿ ಕೂಗುತ್ತದೆ ಎಂದು ಬಾರಿಸಿ ತೋರಿಸುತ್ತಾರೆ. ಅದಕ್ಕೆ ಮರುಳಾಗಬೇಡಿ. ಕೇಳಬೇಕಾದ್ದು ಇಷ್ಟು: ರಿಮೋಟಿನ ಕೋಡ್ ಪ್ರತಿ ಸಲ ಒತ್ತಿದಾಗಲೂ ಬದಲಾಗುತ್ತದೆಯೇ? ಶಾಕ್ ಸೆನ್ಸರ್ ಎರಡು ಹಂತದ್ದೇ, ಅಂದರೆ ಮೆಲ್ಲಗೆ ತಟ್ಟಿದರೆ ಬರೀ ಎಚ್ಚರಿಕೆ, ಜೋರಾಗಿ ಬಡಿದರೆ ಪೂರ್ತಿ ಕೂಗು? ವೈರ್ ಕತ್ತರಿಸದೆ ಜೋಡಿಸಲು ನಿಮ್ಮ ಮಾಡೆಲ್ಲಿಗೆ ಸರಿಹೊಂದುವ ಕಪ್ಲರ್ ಇದೆಯೇ? ಪುಣೆಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐನ ಮಾನ್ಯತೆ ಪಡೆದದ್ದೇ? ಮೋಟಾರ್ ವಿಮೆಯ ಹಳೆಯ ಟ್ಯಾರಿಫ್‌ನಲ್ಲಿ ಮಾನ್ಯತೆ ಪಡೆದ ಸಾಧನಕ್ಕೆ, ಆಟೊಮೊಬೈಲ್ ಅಸೋಸಿಯೇಷನ್ನಿನ ಪ್ರಮಾಣಪತ್ರವಿದ್ದರೆ, ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 2.5ರ ರಿಯಾಯಿತಿ ಇತ್ತು. ಮಿತಿ 500 ರೂಪಾಯಿ. ನಿಮ್ಮ ವಿಮಾ ಕಂಪನಿ ಈಗ ಏನು ಕೊಡುತ್ತದೆ ಕೇಳಿನೋಡಿ. ಆ ದುಡ್ಡಿಗಾಗಿಯೇ ಅಲಾರಂ ಹಾಕಿಸುವಷ್ಟು ಅದು ದೊಡ್ಡದಲ್ಲ.

ಫಿಟ್ಟಿಂಗ್ ದಿನ

ಕಾರು ಬಿಟ್ಟು ಬಂದು ಸಂಜೆ ಹೋಗಿ ತರುವ ಕೆಲಸ ಇದಲ್ಲ. ಎದುರಿಗೆ ನಿಂತು ಮಾಡಿಸಿ. ನೋಡಬೇಕಾದ ಜಾಗ ಡ್ಯಾಷ್‌ಬೋರ್ಡಿನ ಅಡಿ. ಅವಸರದ ಕೈ ಏನು ಮಾಡುತ್ತದೆಂದರೆ, ಬ್ಲೇಡಿನಿಂದ ಕಂಪನಿ ವೈರಿನ ಸಿಪ್ಪೆ ಕೆರೆದು, ಹೊಸ ವೈರನ್ನು ಅದಕ್ಕೆ ಹೊಸೆದು, ಮೇಲೆ ಕಪ್ಪು ಟೇಪ್ ಸುತ್ತಿಬಿಡುತ್ತದೆ. ನಾಗ್ಪುರದ ಮೇ ತಿಂಗಳಲ್ಲಿ ಪಾರಾ 45 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ಮುಚ್ಚಿ ನಿಂತ ಕಾರಿನೊಳಗೆ ಅದಕ್ಕಿಂತ ಬಹಳ ಹೆಚ್ಚು. ಆ ಕಾವಿಗೆ ಟೇಪಿನ ಅಂಟು ಕರಗಿ ಸುತ್ತು ಸಡಿಲವಾಗುತ್ತದೆ, ತಾಮ್ರ ಬಯಲಾಗುತ್ತದೆ. ಅದು ಕಾರಿನ ಲೋಹದ ಮೈಗೆ ತಗುಲಿದರೆ ಫ್ಯೂಸ್ ಹೋಗುವುದು ಚಿಕ್ಕ ತೊಂದರೆ, ಬೆಂಕಿ ದೊಡ್ಡದು. ಆದ್ದರಿಂದ ಇಲ್ಲಿನ ಎಲೆಕ್ಟ್ರಿಷಿಯನ್ನಿಗೆ ಅವನಿಗೆ ತಿಳಿಯುವ ಹಿಂದಿಯಲ್ಲೇ ಮೊದಲು ಹೇಳಿಬಿಡಿ: ‘ಭೈಯಾ, ವೈರ್ ಕಾಟ್‌ನಾ ನಹೀಂ, ಕಪ್ಲರ್ ಲಗಾನಾ.’ ಕಪ್ಲರ್ ಸಿಗದ ಕಡೆ ಬೆಸುಗೆ ಹಾಕಿ, ಮೇಲೆ ಬಿಸಿಗೆ ಬಿಗಿಯುವ ಸ್ಲೀವ್ ಏರಿಸಲಿ. ಬ್ಯಾಟರಿಯಿಂದ ಬರುವ ವೈರಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು. ಕಾರಿನ ವಾರಂಟಿ ಇನ್ನೂ ಇದ್ದರೆ ಅಧಿಕೃತ ಸರ್ವಿಸ್ ಸೆಂಟರಿನಲ್ಲೇ ಹಾಕಿಸಿ. ವೈರ್ ಕತ್ತರಿಸಿದ್ದು ಕಂಡರೆ ಎಲೆಕ್ಟ್ರಿಕಲ್ ವಾರಂಟಿ ಇಲ್ಲ ಎನ್ನಲು ಅವರಿಗೆ ಅಷ್ಟೇ ಸಾಕು.

ಸೈರನ್ ಬಾನೆಟ್ಟಿನೊಳಗೆ ಎಕ್ಸಾಸ್ಟಿನಿಂದ ದೂರ, ಬಾಯಿ ಕೆಳಮುಖವಾಗಿ ಕೂರಲಿ. ಮೇಲ್ಮುಖವಾಗಿದ್ದರೆ ಮಳೆಗಾಲದಲ್ಲಿ ನೀರು ತುಂಬಿಕೊಳ್ಳುತ್ತದೆ. ಶಾಕ್ ಸೆನ್ಸರನ್ನು ಪ್ಲಾಸ್ಟಿಕ್ಕಿಗೆ ಅಂಟಿಸಿದರೆ ಈ ಊರಿನ ಬೇಸಿಗೆಗೆ ಉದುರುತ್ತದೆ. ಲೋಹದ ಪಟ್ಟಿಗೆ ಸ್ಕ್ರೂ ಹಾಕಿ ಬಿಗಿಸಲಿ.

ಇನ್ನು ಸೆನ್ಸರಿನ ಸೂಕ್ಷ್ಮತೆ. ಇದನ್ನು ಗ್ಯಾರೇಜಿನಲ್ಲಲ್ಲ, ನಿಮ್ಮ ಕಾರು ರಾತ್ರಿ ನಿಲ್ಲುವ ಜಾಗದಲ್ಲೇ ಹೊಂದಿಸಬೇಕು. ವರ್ಧಾ ರಸ್ತೆಯ ಪಕ್ಕದ ಮನೆಗೆ ಲಾರಿ, ಬಸ್ಸಿನ ನಡುಕ. ಮಹಲ್ ಅಥವಾ ಇತವಾರಿಯ ಗಲ್ಲಿಯಲ್ಲಿ ಹ್ಯಾಂಡಲ್ ತಗುಲಿಸಿಕೊಂಡೇ ಸಾಗುವ ಸ್ಕೂಟರುಗಳು. ಕಡಿಮೆಯಿಂದ ಶುರುಮಾಡಿ, ಕಾರು ಲಾಕ್ ಮಾಡಿ, ಚಕ್ರಕ್ಕೆ ಒದ್ದು ನೋಡಿ, ಅಂಗೈಯಿಂದ ಬಾಗಿಲ ಪಕ್ಕದ ಕಂಬಕ್ಕೆ ಬಡಿದು ನೋಡಿ. ಒದೆತಕ್ಕೆ ಎಚ್ಚರಿಕೆ ಬರಬೇಕು, ಲಾರಿ ಹಾದರೆ ಸುಮ್ಮನಿರಬೇಕು. ದೀಪಾವಳಿಯ ರಾತ್ರಿ ಶಾಕ್ ಸೆನ್ಸರ್ ಆರಿಸುವ ಸೌಲಭ್ಯವಿದ್ದರೆ ಆರಿಸಿಬಿಡಿ. ಬೆಕ್ಕು ಹಾರಿದ್ದಕ್ಕೂ ಕಿರುಚುವ ಕಾರನ್ನು ಎರಡು ವಾರದ ಮೇಲೆ ನೆರೆಯವರಷ್ಟೇ ಅಲ್ಲ, ನೀವೂ ಎದ್ದು ನೋಡುವುದಿಲ್ಲ. ಕಳ್ಳನಿಗೆ ಬೇಕಾದ್ದೂ ಅದೇ.

ಊರಿಗೆ ಹೋಗುವಾಗ

ಅಲಾರಂ ನಿದ್ದೆಯಲ್ಲಿದ್ದರೂ ಕರೆಂಟು ತಿನ್ನುತ್ತದೆ. 20 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು ಅರ್ಧ ಆಂಪಿಯರ್-ಅವರ್, ತಿಂಗಳಿಗೆ 14ಕ್ಕೂ ಹೆಚ್ಚು. ಬ್ಯಾಟರಿ 45 ಆಂಪಿಯರ್-ಅವರಿನದು ಎಂದುಕೊಳ್ಳಿ, ಮೇಲೆ ಕಾರಿನ ಸ್ವಂತ ಕಂಪ್ಯೂಟರುಗಳ ಬಳಕೆ ಬೇರೆ. ಬೇಸಿಗೆ ರಜೆ ಮುಗಿಸಿ ಬಂದಾಗ ಕಾರು ಚಾಲೂ ಆಗಲಿಲ್ಲವೆಂದರೆ ಅಚ್ಚರಿಯೇನಿಲ್ಲ. ಫಿಟ್ಟಿಂಗ್ ಮುಗಿದ ದಿನವೇ ಮಲ್ಟಿಮೀಟರಿನಲ್ಲಿ ಅಳೆಸಿ: ಮೈನಸ್ ಟರ್ಮಿನಲ್ ಬಿಚ್ಚಿ, ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿಟ್ಟು ನಡುವೆ ಸೇರಿಸಿ, ಅರ್ಧ ಗಂಟೆ ಕಾಯಬೇಕು. ಕಾರು ಪೂರ್ತಿ ನಿದ್ದೆಹೋದ ಮೇಲೂ 50 ಮಿಲಿ ಆಂಪಿಯರ್ ದಾಟಿದರೆ ಎಲ್ಲೋ ತಪ್ಪಾಗಿದೆ, ಅಲ್ಲೇ ಸರಿಮಾಡಿಸಿ.

ಇಷ್ಟೆಲ್ಲ ಮಾಡಿಯೂ ಕಾರು ಹೋದರೆ? 112ಕ್ಕೆ ಕರೆ, ತಕ್ಷಣ ಎಫ್‌ಐಆರ್, ಅದೇ ದಿನ ವಿಮಾ ಕಂಪನಿಗೆ ತಿಳಿಸುವುದು. ಎಫ್‌ಐಆರ್ ಕೂಡಲೇ ಆಗಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಕರ್ನಾಟಕದಲ್ಲಿ ಪತ್ತೆಯಾಗದ ಪ್ರಕರಣಕ್ಕೆ ಪೊಲೀಸರು ಹಾಕುವುದು ‘ಸಿ ರಿಪೋರ್ಟ್’. ಮಹಾರಾಷ್ಟ್ರದಲ್ಲಿ ಅದೇ ಕಾಗದದ ಹೆಸರು ‘ಎ ಸಮರಿ’. ಠಾಣೆಯಲ್ಲಿ ಆ ಹೆಸರು ಹೇಳಿಯೇ ಪ್ರತಿ ಕೇಳಿ. ವಿಮೆಯವರು ಅದರ ಜೊತೆ ಎರಡೂ ಮೂಲ ಕೀಲಿಗಳನ್ನು ಕೇಳುತ್ತಾರೆ. ಹಾಗಾಗಿ ಊರಿನ ಮನೆಯ ಕಪಾಟಿನಲ್ಲಿ ಉಳಿದುಬಿಟ್ಟಿರುವ ಆ ಎರಡನೇ ಕೀಲಿಯನ್ನು ಮುಂದಿನ ಸಲ ಹೋದಾಗ ತಂದಿಟ್ಟುಕೊಳ್ಳಿ.